ಗಣಿ ಮುಚ್ಚಿತು, ದೀಪ ಆರಲಿಲ್ಲ

ಜನ ಬಿಟ್ಟುಹೋದ ಗ್ರಾಮಕ್ಕೆ ನಮ್ಮ ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್’ ಎಂಬ ಹೆಸರಿದೆ. ದೀಪವಿಲ್ಲದ ಊರು ಎಂದು ಅದರರ್ಥ. ಅಮೆರಿಕದ ಕ್ಯಾಲಿಫೋರ್ನಿಯಾದ ಒಣ ಬೆಟ್ಟಗಳ ನಡುವಿನ ಬೋಡಿ ಅಂಥದೊಂದು ಊರು. 1880ರ ಸುಮಾರಿಗೆ ಚಿನ್ನಕ್ಕಾಗಿ ಅಲ್ಲಿ ಸಾವಿರಾರು ಜನ ನೆರೆದಿದ್ದರು. ಅದಿರು ತೀರುತ್ತಿದ್ದಂತೆ ಗಂಟುಮೂಟೆ ಕಟ್ಟಿದರು. ಉಳಿದ ಖಾಲಿ ಮನೆಗಳನ್ನು ಈಗ ಪ್ರವಾಸಿಗರು ನೋಡಿಬರುತ್ತಾರೆ.

ನಮ್ಮ ಕೋಲಾರದ ಚಿನ್ನದ ಗಣಿಗೂ ಇದೇ ಗತಿ ಬರಬೇಕಿತ್ತಲ್ಲವೇ?

ಇಲ್ಲಿ ಚಿನ್ನವಿರುವುದನ್ನು 1802ರಲ್ಲಿ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ಗಮನಿಸಿದ್ದ. 1870ರ ದಶಕದಲ್ಲಿ ಲ್ಯಾವೆಲ್ ಎಂಬಾತ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಗಾರಿಕೆ ಬೇರೂರಿತು. ಉತ್ತರ ಆರ್ಕಾಟು, ಚಿತ್ತೂರು ಕಡೆಯ ಬಡವರು, ಹೆಚ್ಚಾಗಿ ದಲಿತರು, ಕೂಲಿಗೆ ಬಂದು ಕಂಪನಿಯ ಸಾಲುಮನೆಗಳಲ್ಲಿ ನೆಲೆಸಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತರಲಾಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ!

ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಇಳಿದಷ್ಟೂ ಸೆಕೆ, ಒತ್ತಡಕ್ಕೆ ಸಿಡಿಯುವ ಬಂಡೆ, ಶ್ವಾಸಕೋಶ ತಿನ್ನುವ ದೂಳು. ಹೀಗೆ ಸುಮಾರು 120 ವರ್ಷಗಳಲ್ಲಿ ಹೊರಬಂದ ಚಿನ್ನ ಅಂದಾಜು 800 ಟನ್. ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿಮಾಡಿದರೆ ಸಿಗುತ್ತಿದ್ದುದು ಕೆಲವೇ ಗ್ರಾಂ. ಆದಾಯಕ್ಕಿಂತ ಖರ್ಚು ಹೆಚ್ಚಾಗಿ, 2001ರ ಫೆಬ್ರುವರಿ 28ರಂದು ಸರ್ಕಾರಿ ಸ್ವಾಮ್ಯದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು.

ಆದರೆ ಊರು ಖಾಲಿಯಾಗಲಿಲ್ಲ. ಬೋಡಿಗೆ ಹೋದವರು ಅದೃಷ್ಟ ಹುಡುಕಿಕೊಂಡು ಹೋದವರು. ಅದು ಸಿಗದಿದ್ದಾಗ ಮುಂದಿನ ಊರು ನೋಡಿಕೊಂಡರು. ಇಲ್ಲಿಯವರದು ಮೂರು ನಾಲ್ಕು ತಲೆಮಾರುಗಳ ಬಾಳು. ಗುಡಿ, ಚರ್ಚು, ಶಾಲೆ, ಸ್ಮಶಾನ ಎಲ್ಲವೂ ಇಲ್ಲೇ. ಪೂರ್ವಿಕರ ಹಳ್ಳಿಯಲ್ಲಿ ಇವರಿಗಾಗಿ ಕಾದಿರುವ ಹೊಲವೂ ಇಲ್ಲ. ಹೋಗುವುದಾದರೂ ಎಲ್ಲಿಗೆ? ಅದಕ್ಕೇ ಗಣಿಗಿಳಿದವರ ಮಕ್ಕಳು ಈಗ ನಸುಕಿನಲ್ಲೆದ್ದು, ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮನೆಗೆ ಮರಳುತ್ತಾರೆ.

ಊರ ಪಕ್ಕದಲ್ಲಿ ಸೈನೈಡ್ ದಿಬ್ಬಗಳಿವೆ. ಚಿನ್ನ ತೆಗೆದ ಮೇಲೆ ಉಳಿದ ಕೋಟ್ಯಂತರ ಟನ್ ಪುಡಿಮಣ್ಣು ಅದು. ಗಾಳಿ ಬೀಸಿದಾಗ ಮನೆಯೊಳಗೂ ಬರುತ್ತದೆ. ಆ ಮಣ್ಣಿನಲ್ಲಿ ಅಳಿದುಳಿದ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ದಿಬ್ಬದ ಲೆಕ್ಕ ಹಾಕುವವರು ಅದರ ದೂಳು ಕುಡಿದವರ ಲೆಕ್ಕವನ್ನೂ ಇಡಬೇಕು. ಗಣಿ ಬೇಚರಾಕ್ ಆಗಿರಬಹುದು. ಅದರ ಮೇಲಿನ ಊರಿನಲ್ಲಿ ಇನ್ನೂ ದೀಪ ಉರಿಯುತ್ತಿದೆ.