ಮೂರು ಗಂಟೆ, ಎರಡು ಸಾವು, ಒಂದು ಸುಳ್ಳು ಲೆಕ್ಕ

ಇವತ್ತು ಒಂದು ಹಳೇ ಲೆಕ್ಕದ ಕತೆ. ಜಾಗ ಜೆರುಸಲೇಮ್. ಕಾಲ, ಯೇಸು ಶಿಲುಬೆಗೇರಿದ ನಂತರದ ಕೆಲವು ವರ್ಷ. ಕತೆ ಇರೋದು ಬೈಬಲ್‌ನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 5ನೇ ಅಧ್ಯಾಯದಲ್ಲಿ. ಆ ಪುಸ್ತಕ ಬರೆದದ್ದು ಸುಮಾರು ಕ್ರಿ.ಶ. 80–90ರಲ್ಲಿ ಅನ್ನೋದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಅಂದ್ರೆ ಇದು ಮಾರನೇ ದಿನದ ವರದಿ ಅಲ್ಲ. ಒಂದು ಸಮುದಾಯ ಅರ್ಧ ಶತಮಾನ ಆದ್ಮೇಲೂ ಮರೀದೆ ಇಟ್ಕೊಂಡಿದ್ದ ನೆನಪು.

ಆಗ ಅವರಿಗೆ ಚರ್ಚ್ ಕಟ್ಟಡ ಇರಲಿಲ್ಲ. ಇದ್ದದ್ದು ಒಂದು ಗುಂಪು, ಒಂದು ಸಾಮಾನ್ಯ ನಿಧಿ. ಹೊಲ-ಮನೆ ಇದ್ದೋರು ಮಾರಿ, ಹಣ ತಂದು ಅಪೊಸ್ತಲರ ಪಾದದ ಹತ್ರ ಇಡ್ತಿದ್ರು. ಅದು ಕಷ್ಟದಲ್ಲಿ ಇದ್ದೋರಿಗೆ ಹೋಗ್ತಿತ್ತು. ಸೈಪ್ರಸ್ ಮೂಲದ ಬಾರ್ನಬ ಅನ್ನೋನು ಹೀಗೇ ಹೊಲ ಮಾರಿ ಕೊಟ್ಟ, ಹೆಸರು ಬಂತು.

ಆಮೇಲೆ ಬಂದವನು ಅನನೀಯ. ಅವನೂ ಅವನ ಹೆಂಡತಿ ಸಪ್ಫೈರಳೂ ಆಸ್ತಿ ಮಾರಿದ್ರು. ಇಬ್ಬರೂ ಮಾತಾಡ್ಕೊಂಡು ಒಂದು ಭಾಗ ಹಿಂದಿಟ್ಟು, ಉಳಿದದ್ದನ್ನ ಪೂರ್ತಿ ಹಣ ಅನ್ನೋ ಹಾಗೆ ತಂದಿಟ್ರು. ಪೇತ್ರ ಅನನೀಯನನ್ನ ಪ್ರಶ್ನೆ ಮಾಡಿದ. ಅವನು ಅಲ್ಲೇ ಬಿದ್ದು ಸತ್ತ. ಹುಡುಗರು ಹೊತ್ಕೊಂಡು ಹೋಗಿ ಹೂತು ಬಂದ್ರು. ಸುಮಾರು ಮೂರು ಗಂಟೆ ಆದ್ಮೇಲೆ ಸಪ್ಫೈರ ಬಂದ್ಳು. ಗಂಡ ಸತ್ತದ್ದು ಗೊತ್ತಿಲ್ಲ. ‘ಇಷ್ಟಕ್ಕೇನಾ ಮಾರಿದ್ದು?’ ಅಂತ ಪೇತ್ರ ಕೇಳಿದ. ಹೌದು ಅಂದ್ಳು. ಅವಳೂ ಬಿದ್ದು ಸತ್ಲು.

ನಾನು ಓದಿದ್ದು ಬಿಕಾಂ. ಹಾಗಾಗಿ ನನಗೆ ಮೊದಲು ಬಂದ ಪ್ರಶ್ನೆ: ತಪ್ಪು ನಿಜವಾಗ್ಲೂ ಎಲ್ಲಿ? ದುಡ್ಡು ಇಟ್ಕೊಂಡಿದ್ದು ತಪ್ಪಲ್ಲ. ಮಾರೋ ಮುಂಚೆ ಆಸ್ತಿ ನಿನ್ನದೇ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ವಾ ಅನ್ನೋ ಅರ್ಥದಲ್ಲಿ ಪೇತ್ರನೇ ಹೇಳ್ತಾನೆ. ಅಂದ್ರೆ ಕೊಡ್ಲೇಬೇಕು ಅನ್ನೋ ಕಡ್ಡಾಯ ಇರಲಿಲ್ಲ. ‘ಅರ್ಧ ಕೊಡ್ತೀನಿ’ ಅಂದಿದ್ರೆ ಮುಗೀತಿತ್ತು. ಅರ್ಧ ಕೊಟ್ಟು ಪೂರ್ತಿ ಕೊಟ್ಟ ಹೆಸರು ತಗೊಳ್ಳೋಕೆ ಹೋದದ್ದೇ ತಪ್ಪು. ಅದು ಮನುಷ್ಯರಿಗಲ್ಲ, ದೇವರಿಗೆ ಹೇಳಿದ ಸುಳ್ಳು ಅಂತ ಪೇತ್ರ ಅಂದ.

ಸರಿ, ಅದಕ್ಕೆ ಸಾವಾ? ಈ ಪ್ರಶ್ನೆ ನಮ್ಮ ಕಾಲದ್ದಷ್ಟೇ ಅಲ್ಲ. 3ನೇ ಶತಮಾನದ ತತ್ವಜ್ಞಾನಿ ಪೋರ್ಫಿರಿ ಇದೇ ಘಟನೆ ಹಿಡ್ಕೊಂಡು ಪೇತ್ರನ ಮೇಲೆ ಆರೋಪ ಹೊರಿಸಿದ್ದ. ಪೇತ್ರ ಸಾವನ್ನ ಬಯಸಿ ಶಪಿಸಲಿಲ್ಲ, ತೀರ್ಪು ದೇವರದ್ದು ಅಂತ 5ನೇ ಶತಮಾನದಲ್ಲಿ ಜೆರೋಮ್ ಉತ್ತರ ಕೊಟ್ಟ. ಆದ್ರೂ ಸಪ್ಫೈರಳ ವಿಷಯ ನನ್ನನ್ನ ಕಾಡುತ್ತೆ. ನಿಜ ಹೇಳೋ ಒಂದು ಅವಕಾಶ ಅವಳಿಗೆ ಸಿಕ್ತು. ಗಂಡ ಸತ್ತ ಸುದ್ದಿ ಮಾತ್ರ ಮೊದಲು ಸಿಗಲಿಲ್ಲ.

ಹೋಲಿಕೆಗೆ ಇನ್ನೊಂದು ದಾಖಲೆ ನೋಡಿ. ಮೃತ ಸಮುದ್ರದ ಹತ್ರ ಕುಮ್ರಾನ್ ಗುಹೆಗಳಲ್ಲಿ 1947ರಲ್ಲಿ ಸಿಕ್ಕ ಸುರುಳಿಗಳಲ್ಲಿ ಒಂದು ಯಹೂದಿ ಪಂಥದ ನಿಯಮಾವಳಿ ಇದೆ. ಅಲ್ಲೂ ಆಸ್ತಿಯನ್ನ ಒಟ್ಟಿಗೆ ಸೇರಿಸ್ತಿದ್ರು. ಆಸ್ತಿ ವಿಷಯದಲ್ಲಿ ಬೇಕಂತಲೇ ಸುಳ್ಳು ಹೇಳಿದ್ರೆ ಶಿಕ್ಷೆ ಏನು ಗೊತ್ತಾ? ಒಂದು ವರ್ಷ ಸಾಮೂಹಿಕ ಊಟದಿಂದ ಹೊರಗೆ, ಆಹಾರದಲ್ಲಿ ಕಾಲು ಭಾಗ ಕಡಿತ. ವರ್ಷ ಮುಗಿದ್ರೆ ವಾಪಸ್.

ಇನ್ನು ಜೆರುಸಲೇಮ್‌ಗೆ ಬರೋಣ. ಇಬ್ಬರೂ ಸತ್ತ ಮೇಲೆ ಎಲ್ಲರಿಗೂ ಭಯ ಹಿಡೀತು ಅನ್ನುತ್ತೆ ಪುಸ್ತಕ. ಆದ್ರೆ ಮುಂದಿನ ಅಧ್ಯಾಯದಲ್ಲೇ ಹೊಸ ದೂರು: ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯ ಆಗ್ತಿದೆ. ಭಯ ಇತ್ತು, ವ್ಯವಸ್ಥೆ ಇರಲಿಲ್ಲ. ಈ ಸಲ ಯಾರೂ ಸಾಯಲಿಲ್ಲ. ನಂಬಿಕಸ್ಥರಾದ ಏಳು ಜನರನ್ನ ಸಮುದಾಯವೇ ಆರಿಸ್ತು. 50ರ ದಶಕದಲ್ಲಿ ಪೌಲ ಜೆರುಸಲೇಮ್‌ನ ಬಡವರಿಗಾಗಿ ಹಣ ಸೇರಿಸಿದಾಗ, ಯಾರೂ ಬೆರಳು ತೋರಿಸಬಾರದು ಅಂತ ಬೇರೆಯವರನ್ನೂ ಆ ಕೆಲಸಕ್ಕೆ ಜೊತೆ ಮಾಡ್ಕೊಂಡ.

2ನೇ ಶತಮಾನದಲ್ಲಿ ಸ್ಮಿರ್ನಾದ, ಅಂದ್ರೆ ಈಗಿನ ಟರ್ಕಿಯ ಇಜ್ಮಿರ್‌ನ, ಬಿಷಪ್ ಪಾಲಿಕಾರ್ಪ್ ಫಿಲಿಪ್ಪಿಯ ಸಭೆಗೆ ಒಂದು ಪತ್ರ ಬರೆದ. ಅಲ್ಲಿ ವಾಲೆನ್ಸ್ ಅನ್ನೋ ಸಭೆಯ ಹಿರಿಯನೂ ಅವನ ಹೆಂಡತಿಯೂ ಹಣದಾಸೆಗೆ ಬಿದ್ದಿದ್ರು. ಮತ್ತೆ ಗಂಡ-ಹೆಂಡತಿ, ಮತ್ತೆ ದುಡ್ಡು! ಪಾಲಿಕಾರ್ಪ್ ಬೇಜಾರು ಮಾಡ್ಕೊಂಡ. ಆದ್ರೆ ಅವರನ್ನ ಶತ್ರುಗಳ ಹಾಗೆ ನೋಡ್ಬೇಡಿ, ವಾಪಸ್ ಕರ್ಕೊಳ್ಳಿ ಅಂದ.

ಕಾಲೇಜಲ್ಲಿ ಒಂದು ಟ್ರಿಪ್‌ನ ಲೆಕ್ಕ ನನ್ನ ಕೈಯಲ್ಲಿತ್ತು. 340 ರೂಪಾಯಿ ಉಳೀತು. ‘ಪೂರ್ತಿ ಖರ್ಚು’ ಅಂತ ಬರೆದು ಜೇಬಿಗೆ ಹಾಕ್ಕೊಂಡೆ. ಆಕಾಶವೇನೂ ಬೀಳಲಿಲ್ಲ. ಎರಡು ವಾರ ಆದ್ಮೇಲೆ ಒಬ್ಬ ಗೆಳತಿ ಜೋರು ಮಾಡದೆ ‘ಇಷ್ಟೇನಾ?’ ಅಂದ್ಳು. ಹಣ ವಾಪಸ್ ಕೊಟ್ಟೆ. ನಾವಿಬ್ರೂ ಇವತ್ತಿಗೂ ಫ್ರೆಂಡ್ಸ್.

ಅದೇ ಪ್ರಶ್ನೆ, ಆದ್ರೆ ನಿಜ ಹೇಳಿದ್ಮೇಲೆ ನನಗೆ ಮನೆಗೆ ಹೋಗೋ ದಾರಿ ಇತ್ತು. ಮುಂದಿನ ಸಂಚಿಕೇಲಿ ಸಿಗೋಣ.