ಮನೆಯಲ್ಲೇ ಮರದ ಜಾಲರಿ ಕೆಲಸ: ಸ್ಕ್ರಾಲ್ ಸಾ ಬಳಸುವವರಿಗೆ ಮಾಹಿತಿ

ಮಂದ್ರೂಪ: ಗಣೇಶ ಚವತಿ ಬಂತೆಂದರೆ ನಮ್ಮ ಕಡೆ ಮನೆ ಮನೆಯಲ್ಲಿ ಮಖರ ಕಟ್ಟುವ ಗಡಿಬಿಡಿ. ಮೊದಲು ಪೇಟೆಯಿಂದ ಥರ್ಮೊಕೋಲ್ ಮಖರ ತಂದು, ಹಬ್ಬ ಮುಗಿದ ಮೇಲೆ ಎಸೆಯುವುದು ರೂಢಿಯಾಗಿತ್ತು. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮೊಕೋಲ್ ಇಡೀ ದೇಶದಲ್ಲೇ ನಿಷಿದ್ಧ. ಅಂದರೆ ಭೀಮಾ ನದಿಯ ಆಚೆ ದಂಡೆಗೂ ಇದೇ ನಿಯಮ.

ಪ್ಲೈವುಡ್ಡಿನಲ್ಲಿ ಒಮ್ಮೆ ಕತ್ತರಿಸಿಟ್ಟರೆ ಅದೇ ಮಖರ ವರ್ಷಗಟ್ಟಲೆ ಬರುತ್ತದೆ. ಬಿಡಿಸಿ ಅಟ್ಟದ ಮೇಲೆ ಇಡಬಹುದು. ಈ ಕೆಲಸಕ್ಕೆ ಹೇಳಿ ಮಾಡಿಸಿದ ಯಂತ್ರ ಸ್ಕ್ರಾಲ್ ಸಾ. ಆದರೆ ಹುರುಪಿನಿಂದ ಯಂತ್ರ ತಂದವರಲ್ಲಿ ಕೆಲವರು ಮೊದಲ ವಾರವೇ ನಾಲ್ಕಾರು ಬ್ಲೇಡ್ ಮುರಿದು, ಬೇಸತ್ತು ಅದನ್ನು ಮೂಲೆಗೆ ಸೇರಿಸುತ್ತಾರೆ. ಹಾಗಾಗದಿರಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಸ್ಕ್ರಾಲ್ ಸಾ ಎಂದರೇನು?

ದಾರದಷ್ಟು ತೆಳುವಾದ ಬ್ಲೇಡ್ ಮೇಲೆ ಕೆಳಗೆ ಆಡುವ, ಮೇಜಿನ ಮೇಲಿಡುವ ಗರಗಸ ಇದು. ಬ್ಲೇಡ್ ನಿಂತಲ್ಲೇ ಆಡುತ್ತದೆ, ನಾವು ಹಲಗೆಯನ್ನು ತಿರುಗಿಸುತ್ತ ಹೋಗಬೇಕು. ಬಳ್ಳಿ, ಎಲೆ, ಓಂಕಾರ, ಅಕ್ಷರ ಏನನ್ನಾದರೂ ಕತ್ತರಿಸಬಹುದು. ಹಲಗೆಯ ನಡುವೆ ತೂತು ಕೊರೆದು, ಅದರಲ್ಲಿ ಬ್ಲೇಡ್ ಪೋಣಿಸಿ ಒಳಗಿನ ಭಾಗವನ್ನಷ್ಟೇ ತೆಗೆಯಬಹುದು.

ಇದರ ಹಿರಿಯಣ್ಣ ಕೈಯಿಂದ ಆಡಿಸುವ ಫ್ರೆಟ್ ಸಾ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದವರು ಬಣ್ಣ ಬಣ್ಣದ ಕಟ್ಟಿಗೆಯ ತೆಳು ಚೂರುಗಳನ್ನು ಇಂಥ ಗರಗಸದಿಂದಲೇ ಕತ್ತರಿಸಿ, ಬೀಟೆಯಲ್ಲಿ ಕೆತ್ತಿದ ಗುಳಿಗೆ ಕೂಡಿಸುತ್ತಾರೆ. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ದಂತದ ಇನ್‌ಲೇ ನೋಡಬಹುದು. ದಂತದ ವ್ಯಾಪಾರ ನಿಂತ ಮೇಲೆ ಆ ಜಾಗಕ್ಕೆ ಬೇರೆ ಕಟ್ಟಿಗೆ ಮತ್ತು ಪ್ಲಾಸ್ಟಿಕ್ ಬಂದವು. ಈ ಕಲೆಗೆ ಜಿ.ಐ. ಮಾನ್ಯತೆಯೂ ಇದೆ.

ಯಂತ್ರ ಕೊಳ್ಳುವಾಗ

- ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಅಂತರವೇ ಯಂತ್ರದ ಅಳತೆ. 16 ಇಂಚಿನದು (ಸುಮಾರು 400 ಮಿ.ಮೀ.) ಮನೆ ಕೆಲಸಕ್ಕೆ ಸಾಕು.
- ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಇರಲಿ. ನಿಮಿಷಕ್ಕೆ 400ರಿಂದ 1600 ಹೊಡೆತ ಸಾಮಾನ್ಯ.
- ಬ್ಲೇಡಿನಲ್ಲಿ ಎರಡು ಜಾತಿ: ತುದಿಗೆ ಅಡ್ಡ ಪಿನ್ ಇರುವುದು, ಪಿನ್ ಇಲ್ಲದ್ದು. ಪಿನ್ ಇರುವುದನ್ನು ಸಿಕ್ಕಿಸುವುದು ಸುಲಭ, ಆದರೆ ಅದಕ್ಕೆ ದೊಡ್ಡ ತೂತು ಬೇಕು. ಪಿನ್ ಇಲ್ಲದ ಸಣ್ಣ ಬ್ಲೇಡ್ ಒಂದೂವರೆ ಮಿ.ಮೀ. ತೂತಿನಲ್ಲೂ ತೂರುತ್ತದೆ. ಎರಡನ್ನೂ ಹಿಡಿಯುವ ಯಂತ್ರವನ್ನೇ ಕೇಳಿ ತನ್ನಿ.
- ಸಣ್ಣ ಯಂತ್ರದ ಮೋಟಾರು ಅಡುಗೆಮನೆಯ ಮಿಕ್ಸರಿಗಿಂತ ಕಡಿಮೆ ವಿದ್ಯುತ್ ತಿನ್ನುತ್ತದೆ. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಮಾತ್ರ ಕಡ್ಡಾಯ.

ಇಷ್ಟು ಖರ್ಚು ಬೇಡವೆನ್ನುವವರು ಕೈ ಫ್ರೆಟ್ ಸಾದಿಂದ ಶುರು ಮಾಡಬಹುದು. ಹಲಗೆಯೊಂದಕ್ಕೆ 'ವಿ' ಆಕಾರದ ಕಚ್ಚು ಹಾಕಿ ಮೇಜಿನ ಅಂಚಿಗೆ ಬಿಗಿಯಿರಿ. ಆ ಕಚ್ಚಿನ ಮೇಲೆ ಕೆಲಸವಿಟ್ಟು, ಬ್ಲೇಡಿನ ಹಲ್ಲು ಹಿಡಿಕೆಯ ಕಡೆಗಿರುವಂತೆ ಹಾಕಿ, ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಕೈ ಕುದುರಿದ ಮೇಲೆ ಯಂತ್ರದ ಯೋಚನೆ ಮಾಡಿದರಾಯಿತು.

ಬ್ಲೇಡ್ ಯಾಕೆ ಮುರಿಯುತ್ತದೆ?

ಬ್ಲೇಡ್ ಸುಮಾರು 5 ಇಂಚು ಉದ್ದ. ನಂಬರು ಸಣ್ಣದಾದಷ್ಟೂ ಬ್ಲೇಡ್ ಸಣ್ಣ. 3 ಮಿ.ಮೀ. ಪ್ಲೈಗೆ ನಂ. 1, 6 ಮಿ.ಮೀ.ಗೆ ನಂ. 3, 18 ಮಿ.ಮೀ. ಹಲಗೆಗೆ ನಂ. 5 ಅಥವಾ 7 ಹಾಕಿ ನೋಡಿ. ಹೊಸಬರು ನಂ. 5ರಲ್ಲಿ ಕೈ ಪಳಗಿಸುವುದು ಒಳ್ಳೆಯದು.

ಹಲ್ಲು ಕೆಳಮುಖವಾಗಿರಬೇಕು. ಉಲ್ಟಾ ಹಾಕಿದರೆ ಹಲಗೆ ಎಗರುತ್ತದೆ. ಬಿಗಿ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬಂದ್ ಇರುವಾಗ ಬ್ಲೇಡನ್ನು ಏಕತಾರಿಯ ತಂತಿಯಂತೆ ಮೀಟಿ. ಟಣ್ ಎಂದು ಸ್ಪಷ್ಟ ನಾದ ಬರಬೇಕು. ಸಡಿಲವಿದ್ದರೆ ಬ್ಲೇಡ್ ಬಾಗಿ ಗೆರೆ ತಪ್ಪುತ್ತದೆ, ಕೊನೆಗೆ ಮುರಿಯುತ್ತದೆ.

ಬ್ಲೇಡ್ ಮುರಿಯಲು ಎರಡನೆಯ ಕಾರಣ ನಮ್ಮ ಅವಸರ. ಹಲಗೆಯನ್ನು ನೂಕಬೇಡಿ, ಬ್ಲೇಡ್ ತಿಂದಷ್ಟೇ ಕೊಡಿ. ಮೂರನೆಯದು ಜಿಪುಣತನ. ಮೊಂಡಾದ ಬ್ಲೇಡ್ ಕಟ್ಟಿಗೆಯನ್ನು ಸುಡುತ್ತದೆ. ಕತ್ತರಿಸಿದ ಅಂಚು ಕಪ್ಪಾಗುತ್ತಿದೆಯೆಂದರೆ ಬ್ಲೇಡ್ ಬದಲಿಸುವ ಹೊತ್ತಾಯಿತು.

ಬ್ಲೇಡ್ ಒಂದು ಕಡೆಗೆ ಎಳೆಯುತ್ತದೆ ಎಂಬ ದೂರು ಬಹಳ ಜನರದು. ಅದು ಯಂತ್ರದ ದೋಷವಲ್ಲ. ಬ್ಲೇಡ್ ತಯಾರಿಸುವಾಗ ಒಂದು ಮಗ್ಗುಲಿಗೆ ಉಳಿಯುವ ಒರಟಿನಿಂದ ಹಾಗಾಗುತ್ತದೆ. ಹಲಗೆಯನ್ನು ತುಸು ಓರೆಯಾಗಿ ಕೊಟ್ಟರೆ ಗೆರೆ ನೇರ ಬರುತ್ತದೆ.

ಕತ್ತರಿಸುವ ಕ್ರಮ

1. ಹಲಗೆಗೆ ಮೊದಲು ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಚಿತ್ರದ ಕಾಗದ ಅಂಟಿಸಿ. ಕೆಲಸ ಮುಗಿದ ಮೇಲೆ ಟೇಪ್ ಎಳೆದರೆ ಎರಡೂ ಒಟ್ಟಿಗೆ ಬರುತ್ತವೆ.
2. ಬ್ಲೇಡ್ ಮೇಜಿಗೆ ಲಂಬವಾಗಿದೆಯೇ ನೋಡಿ. ದಪ್ಪ ತುಂಡೊಂದಕ್ಕೆ ಸಣ್ಣ ಕಚ್ಚು ಹಾಕಿ, ತುಂಡನ್ನು ತಿರುಗಿಸಿ ಬ್ಲೇಡಿನ ಹಿಂದಿನಿಂದ ಅದೇ ಕಚ್ಚಿಗೆ ಕೂಡಿಸಿ. ಸಲೀಸಾಗಿ ಕೂತರೆ ಸರಿಯಿದೆ.
3. ಒಳಗಿನ ಜಾಲರಿ ಮೊದಲು, ಹೊರಗಿನ ಅಂಚು ಕೊನೆಗೆ. ಮೊದಲೇ ಅಂಚು ಕತ್ತರಿಸಿದರೆ ಹಿಡಿಯಲು ಜಾಗವಿರದೆ ಜಾಲರಿ ಮುರಿಯುತ್ತದೆ.
4. ಮಖರದ ಎಡ ಬಲ ಭಾಗ ಒಂದೇ ತೆರನಾಗಿ ಬೇಕಿದ್ದರೆ 3 ಮಿ.ಮೀ.ನ ಎರಡು ಪ್ಲೈ ಒಂದರ ಮೇಲೊಂದಿಟ್ಟು, ಅಂಚಿಗೆ ಟೇಪ್ ಸುತ್ತಿ ಒಟ್ಟಿಗೇ ಕತ್ತರಿಸಿ.

ಯಾವ ಕಟ್ಟಿಗೆ?

ಕಲಿಯಲು ಪ್ಲೈವುಡ್ ಉತ್ತಮ. ದೇವರ ಮಂಟಪಕ್ಕೆ ಸಾಗವಾನಿ ಚೆಂದ. ಹಳೆಯ ಮನೆ ಕೆಡವಿದಾಗ ಸಿಗುವ ಬಾಗಿಲು ಚೌಕಟ್ಟಿನ ಕಟ್ಟಿಗೆ ಚೆನ್ನಾಗಿ ಒಣಗಿರುತ್ತದೆ. ಆದರೆ ಮೊಳೆ ಉಳಿದಿವೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿಕೊಳ್ಳಿ. ಹಿಂದೆ ಬಂಡಿ, ನೇಗಿಲಿಗೆ ಬಳಸುತ್ತಿದ್ದ ಜಾಲಿ ಬಹಳ ಗಟ್ಟಿ, ಬ್ಲೇಡ್ ಬೇಗ ಮೊಂಡಾಗುತ್ತದೆ. ಹಸಿ ಕಟ್ಟಿಗೆ ಬೇಡ. ನಮ್ಮ ಬೇಸಿಗೆಯ ಬಿಸಿಲಿಗೆ ಅದು ಸೀಳುತ್ತದೆ.

ಅಂಗಡಿಯಲ್ಲಿ ಕೇಳುವಾಗ ಎರಡೂ ಭಾಷೆಯ ಹೆಸರು ಗೊತ್ತಿದ್ದರೆ ಅನುಕೂಲ. ನಮ್ಮ ಬೀಟೆ ಮರಾಠಿಯಲ್ಲಿ ಶಿಸವ, ಸಾಗವಾನಿ ಸಾಗ, ಜಾಲಿ ಬಾಭೂಳ, ಬೇವು ಕಡುನಿಂಬ, ಗರಗಸ ಕರವತ, ಬಡಿಗ ಸುತಾರ.

ಧೂಳು ಮತ್ತು ಸುರಕ್ಷತೆ

ಈ ಯಂತ್ರ ದೊಡ್ಡ ಗರಗಸದಷ್ಟು ಅಪಾಯಕಾರಿಯಲ್ಲ. ನಿಜವಾದ ಹಾನಿ ಕಣ್ಣಿಗೆ ಕಾಣದ ಧೂಳಿನದು. ಮರದ ಧೂಳು ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ವರ್ಷಗಟ್ಟಲೆ ಧೂಳು ಕುಡಿಯುವ ಬಡಿಗರಿಗೆ ಈ ಅಪಾಯ ಹೆಚ್ಚು, ಆದರೆ ಹವ್ಯಾಸಿಗಳೂ ಉಡಾಫೆ ಮಾಡುವಂತಿಲ್ಲ.

- ಎನ್-95 ಮಾಸ್ಕ್ ಮತ್ತು ಕನ್ನಡಕ ಹಾಕಿ. ಟವೆಲ್ ಸುತ್ತಿದರೆ ಸಣ್ಣ ಧೂಳು ನಿಲ್ಲದು.
- ಕೆಲಸ ಪಡಸಾಲೆಯಲ್ಲಿ ಬೇಡ. ಗಾಳಿಯಾಡುವ ಶೆಡ್ಡು, ಮಾಳಿಗೆ ಅಥವಾ ಹಿತ್ತಲು ಆಗಬಹುದು. ಹೊಟ್ಟನ್ನು ಒಣಗಿದ್ದಂತೆ ಗುಡಿಸದೆ ನೀರು ಚಿಮುಕಿಸಿ ಗುಡಿಸಿ.
- ಬೆರಳನ್ನು ಬ್ಲೇಡಿನ ನೇರಕ್ಕೆ ಇಡಬೇಡಿ. ಸಡಿಲ ತೋಳಿನ ಅಂಗಿ, ಕೈಗವಸು ಬೇಡ.
- ಕರೆಂಟು ಹೋದ ಕೂಡಲೇ ಸ್ವಿಚ್ ಆರಿಸಿ. ಇಲ್ಲದಿದ್ದರೆ ಬ್ಲೇಡ್ ಬಿಚ್ಚುತ್ತಿರುವಾಗಲೇ ಕರೆಂಟು ಬಂದು ಯಂತ್ರ ಓಡಬಹುದು. ಬ್ಲೇಡ್ ಬದಲಿಸುವಾಗ ಪ್ಲಗ್ಗನ್ನೇ ಕೀಳಿ.
- ಪಾಲಿಶಿಗೆ ಅಗಸಿ ಎಣ್ಣೆ ಬಳಸಿದರೆ ಆ ಬಟ್ಟೆಯನ್ನು ಮುದುಡಿ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಕೊನೆಯ ಮಾತು

ಯಂತ್ರದ ಸದ್ದು ಓಣಿಯವರಿಗೂ ಕೇಳುತ್ತದೆ. ಕಾಲಿನ ಕೆಳಗೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಹಾಕಿದರೆ ಅದುರುವುದು ತಗ್ಗುತ್ತದೆ. ರಾತ್ರಿ ಊಟದ ನಂತರ ಕತ್ತರಿಸುವ ಕೆಲಸ ನಿಲ್ಲಿಸಿ, ಪಾಲಿಶ್ ಕಾಗದ ತಿಕ್ಕುವ ಕೆಲಸ ಮಾಡಿ. ಮಕ್ಕಳು ಚಿತ್ರ ಬಿಡಿಸಲಿ, ಟೇಪ್ ಹಚ್ಚಲಿ, ಯಂತ್ರ ಮಾತ್ರ ದೊಡ್ಡವರ ಕೈಯಲ್ಲಿರಲಿ.

ಊರಿನ ಬಡಿಗರನ್ನು ಮರೆಯಬೇಡಿ. ಕಟ್ಟಿಗೆಯ ನಾರು ಯಾವ ಕಡೆ ಓಡುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಯಂತ್ರದ ಜೊತೆ ಬರುವ ಪುಸ್ತಕಕ್ಕಿಂತ ಅವರು ಚೆನ್ನಾಗಿ ಹೇಳಬಲ್ಲರು. ಚೌಕಟ್ಟಿನ ಕೆಲಸ ಅವರಿಗೆ ಕೊಟ್ಟು, ಜಾಲರಿ ನೀವು ಮಾಡಿದರೆ ಮಖರವೂ ಗಟ್ಟಿ, ಅವರ ಕಸುಬಿಗೂ ಆಸರೆ. ಹಬ್ಬಕ್ಕೆ ಎರಡು ತಿಂಗಳು ಮೊದಲೇ ಶುರು ಮಾಡಿ. ಅವಸರಪಟ್ಟರೆ ಬ್ಲೇಡೂ ಮುರಿಯುತ್ತದೆ, ಕೆಲಸವೂ ಕೆಡುತ್ತದೆ.