ಮಂಗಳದ ಮೊದಲೇ ಎದ್ದವರು

‘ಕಥೆಯೇ ಇಲ್ಲದ ಸಿನಿಮಾ’ ಎಂಬುದು ನಮ್ಮಲ್ಲಿ ಒಂದು ಬೈಗುಳ. ಚಿತ್ರ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾವು ಹೆಂಗಸರು ಮೊದಲು ಹೇಳುವುದು ಕಥೆಯನ್ನೇ. ಕೊನೆಗೆ ಯಾರು ಸತ್ತರು, ಯಾರಿಗೆ ಮದುವೆಯಾಯಿತು ಎಂದು ಹೇಳಿಬಿಟ್ಟರೆ ಮಾತು ಮುಗಿಯಿತು. ಬೆಳಕು, ಬಣ್ಣ, ನಡಿಗೆ, ಮೌನ ಇವುಗಳ ಬಲದಿಂದಲೇ ನಿಲ್ಲುವ ಚಿತ್ರ ಬಂದರೆ ‘ಅದೆಲ್ಲ ಬುದ್ಧಿಜೀವಿಗಳಿಗೆ’ ಎಂದು ಎದ್ದುಬಿಡುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಹೀಗೆ ಹೇಳಿದಾಗ ಮಾತ್ರ ನನಗೆ ಆಶ್ಚರ್ಯವಾಗುತ್ತದೆ. ನೋಡುವುದಕ್ಕಾಗಿಯೇ ರಾತ್ರಿ ನಿದ್ದೆಗೆಟ್ಟು ಕೂರುವುದು ನಮ್ಮ ತಾಯಂದಿರಿಗೆ ಹೊಸದಾಗಿರಲಿಲ್ಲ.

ಕೊಯ್ಲಿನ ಕೆಲಸ ಮುಗಿಯಿತೆಂದರೆ ನಮ್ಮ ಕಡೆ ಯಕ್ಷಗಾನದ ಆಟಗಳ ಕಾಲ. ಸಿದ್ದಾಪುರ ತಾಲೂಕಿನ ನನ್ನ ತವರಿನಲ್ಲಿ, ‘ಕೀಚಕವಧೆ ಎಷ್ಟು ಸಲ ನೋಡುತ್ತೀಯೆ?’ ಎಂದು ಅಪ್ಪಯ್ಯ ನಕ್ಕರೆ ಆಯಿ, ‘ಕಥೆ ಯಾರಿಗೆ ಗೊತ್ತಿಲ್ಲೆ? ಆನು ಹೋಪದು ನೋಡಲೆ’ ಅನ್ನುತ್ತಿದ್ದಳು. ಕೀಚಕನೆಂದರೆ ಅವಳಿಗೆ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೇ (1933–2017) ಆಗಬೇಕು. ಆದರೆ ಅವಳು ಒಂದು ಆಟದ ಮಂಗಳವನ್ನೂ ನೋಡಿದವಳಲ್ಲ. ಬೆಳಗಿನ ಜಾವಕ್ಕೆ ಕೊಟ್ಟಿಗೆಯ ಕೆಲಸ, ಹಾಲು ಕರೆಯುವುದು, ಒಲೆ ಹೊತ್ತಿಸುವುದು ಕಾದಿರುತ್ತಿತ್ತು. ಚಂಡೆಯ ಸದ್ದು ಬೆನ್ನಿಗಿರುವಾಗಲೇ ಹೆಂಗಸರು ಕಂದೀಲು ಹಿಡಿದು ಮನೆಯ ದಾರಿ ಹಿಡಿಯುತ್ತಿದ್ದರು.

ಮರುದಿನ ಜಗಲಿಯಲ್ಲಿ ಗಂಡಸರು ವೇಷಧಾರಿಗಳ ಅರ್ಥಗಾರಿಕೆಯ ಬಗ್ಗೆ ವಾದ ಮಾಡುತ್ತಿದ್ದರು. ಒಳಗೆ ಆಯಿ ಮತ್ತು ಸೋದರತ್ತೆ ಹೇಳಿಕೊಳ್ಳುತ್ತಿದ್ದುದೇ ಬೇರೆ. ತೆರೆಯ ಹಿಂದಿನಿಂದ ಮೊದಲು ಕಿರೀಟ ಮಾತ್ರ ಕಂಡದ್ದು, ಆಮೇಲೆ ಕಣ್ಣು, ಸೈರಂಧ್ರಿ ಒಂದು ಹೆಜ್ಜೆ ಹಿಂದೆ ಸರಿದ ರೀತಿ. ಕೊನೆ ನೋಡದವರ ಬಳಿ ಉಳಿದದ್ದು ಈ ಚಿತ್ರಗಳು.

ಇಂಥ ರಾತ್ರಿಗಳಿಂದಲೇ ಕಣ್ಣು ಪಳಗಿಸಿಕೊಂಡ ಒಬ್ಬ ಹುಡುಗ ಮುಂದೆ ಸಿನಿಮಾ ಮಾಡಿದ. ಗಿರೀಶ ಕಾರ್ನಾಡರು (1938–2019) ಬೆಳೆದದ್ದು ಶಿರಸಿಯಲ್ಲಿ. ತಂದೆ ಅಲ್ಲಿ ವೈದ್ಯರು. ಪೆಟ್ರೋಮ್ಯಾಕ್ಸ್ ಬೆಳಕಿನ ಕಂಪನಿ ನಾಟಕಗಳನ್ನು ಕಂಡದ್ದನ್ನೂ, ಮನೆಯ ಆಳುಗಳ ಜೊತೆ ಹೋಗಿ ದೊಂದಿ ಬೆಳಕಿನ ಯಕ್ಷಗಾನ ನೋಡಿದ್ದನ್ನೂ ಅವರು ಬರೆದಿದ್ದಾರೆ. ಮುಂದೆ ಮುಂಬಯಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ನಾಟಕ ನೋಡಿದಾಗ, ರಂಗದ ಮೇಲೆ ಬೆಳಕು ಮೆಲ್ಲನೆ ಏರಿ ಮೆಲ್ಲನೆ ಇಳಿದದ್ದೇ ಅವರನ್ನು ಬೆರಗುಗೊಳಿಸಿತಂತೆ. ಕಂದೀಲಿನ ಮನೆಯಲ್ಲಿ ಬೆಳೆದವರಿಗೆ ಆ ಬೆರಗು ಅರ್ಥವಾಗುತ್ತದೆ.

1973ರ ಅವರ ‘ಕಾಡು’ ಚಿತ್ರದಲ್ಲಿ ಊರಿನ ದ್ವೇಷವನ್ನೆಲ್ಲ ನಾವು ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಛಾಯಾಗ್ರಹಣ ಗೋವಿಂದ ನಿಹಲಾನಿಯವರದು. ಗಂಡ ಬೇರೆ ಊರಿನ ಹೆಣ್ಣಿನ ಬಳಿ ಹೋಗುವುದನ್ನು ಸಹಿಸಿಕೊಂಡಿರುವ ಹೆಂಡತಿಯ ಪಾತ್ರಕ್ಕಾಗಿ ನಂದಿನಿ ಭಕ್ತವತ್ಸಲ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂತು.

1978ರ ‘ಒಂದಾನೊಂದು ಕಾಲದಲ್ಲಿ’ ಇನ್ನೂ ಮುಂದೆ ಹೋಯಿತು. ಅದು ಕತ್ತಿವರಸೆಯ ಸಾಹಸದ ಚಿತ್ರ. ಕಥೆಯನ್ನು ಎರಡು ಸಾಲಿನಲ್ಲಿ ಹೇಳಬಹುದು: ದಾಯಾದಿ ವೈರದ ನಡುವೆ ಕೂಲಿಗೆ ಕಾದಾಡುವ ಇಬ್ಬರು ವೀರರು, ಗಂಡುಗಲಿ ಮತ್ತು ಪೆರ್ಮಾಡಿ. ಉಳಿದದ್ದೆಲ್ಲ ಕಾಡು, ಕತ್ತಿ, ಮೈಯ ಚಲನೆ. ಕ್ಯಾಮೆರಾ ಹಿಡಿದವರು ಅಪೂರ್ವ ಕಿಶೋರ್ ಬೀರ್. ಗಂಡುಗಲಿಯಾದ ಶಂಕರ್‌ನಾಗ್‌ಗೆ ಅದು ಮೊದಲ ಚಿತ್ರ. 1979ರ ಭಾರತ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಎನಿಸಿದರು. ಪೆರ್ಮಾಡಿ ಸುಂದರಕೃಷ್ಣ ಅರಸ್. ನಾನು ಮೊದಲ ಸಲ ನೋಡಿದಾಗ ಇಬ್ಬರು ಎದುರುಬದುರಾಗಿ ನಿಂತು ಅಳೆಯುವ ರೀತಿ ಕಂಡು, ಇದು ರಂಗಸ್ಥಳದಲ್ಲಿ ಎರಡು ವೇಷಗಳು ಎದುರಾದ ಹಾಗೆಯೇ ಇದೆಯಲ್ಲ ಅನ್ನಿಸಿತ್ತು.

ಕಾರ್ನಾಡರ ಈ ಚಿತ್ರಕ್ಕೆ ಜಪಾನಿನ ಕುರೊಸಾವಾ ಪ್ರೇರಣೆ. ಅವರ ‘ಸೆವೆನ್ ಸಮುರಾಯ್’ (1954) ಚಿತ್ರದ ಕೊನೆಯ ಕಾಳಗವನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮಳೆ ಮತ್ತು ಕೆಸರು. ಅದೇ ದೇಶದ ಸುಜುಕಿ ಸೇಜುನ್ ಇನ್ನೂ ಹಟಮಾರಿ. 1967ರಲ್ಲಿ ಅವರು ಬಾಡಿಗೆ ಕೊಲೆಗಾರನೊಬ್ಬನ ಚಿತ್ರ ಮಾಡಿದರು. ಬೇಯುವ ಅನ್ನದ ಪರಿಮಳಕ್ಕೆ ಮರುಳಾಗುವ ಕೊಲೆಗಾರ ಅವನು! ಒಂದಕ್ಕೊಂದು ಹೊಂದದ ಬೆರಗಿನ ದೃಶ್ಯಗಳೇ ಅದರಲ್ಲಿ ಹೆಚ್ಚು. ಅರ್ಥವಾಗದ ಚಿತ್ರ ಮಾಡುತ್ತಾನೆಂದು ನಿಕ್ಕಾತ್ಸು ಕಂಪನಿ 1968ರಲ್ಲಿ ಅವರನ್ನು ಕೆಲಸದಿಂದ ತೆಗೆಯಿತು. ಅವರು ಕೋರ್ಟಿಗೆ ಹೋದರು. ಇನ್ನೊಂದು ಕಥಾಚಿತ್ರ ಮಾಡಲು ಅವರು 1977ರವರೆಗೆ ಕಾಯಬೇಕಾಯಿತು.

ಇಂಥದ್ದನ್ನು ನೋಡಲು ಹೆಚ್ಚು ಓದಿರಬೇಕೆಂದೇನೂ ಇಲ್ಲ. ಸಿದ್ದಾಪುರಕ್ಕೆ ನೆರೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜ ಆರಂಭಿಸಿ, ತೋಟದ ಕೆಲಸ ಮುಗಿಸಿ ಬಂದವರಿಗೂ ಜಗತ್ತಿನ ಚಿತ್ರಗಳನ್ನು ತೋರಿಸಿತು. ಭಾಷೆ ಬಾರದಿದ್ದರೂ ಜನ ಕೂತು ನೋಡಿದರು.

ಹಾಗಾದರೆ ನಮಗೆ ಕಥೆಯೇ ಏಕೆ ಬೇಕು? ನನಗನ್ನಿಸುವುದು ಇಷ್ಟು: ಕಥೆಯನ್ನು ಕೆಲಸ ಮಾಡುತ್ತಲೇ ಕೇಳಬಹುದು. ಟೀವಿಯ ಧಾರಾವಾಹಿಗಳನ್ನೇ ನೋಡಿ. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಅಡುಗೆಮನೆಯಲ್ಲಿ ಪಲ್ಯ ಹೆಚ್ಚುತ್ತ ಕಿವಿಗೊಟ್ಟರೂ ಏನೂ ತಪ್ಪಿಹೋಗುವುದಿಲ್ಲ. ನೋಟದ ಚಿತ್ರ ಹಾಗಲ್ಲ. ಅದು ನಮ್ಮ ಕೈಯ ಕೆಲಸ ಬಿಡಿಸಿ ಎದುರು ಕೂರಿಸುತ್ತದೆ. ‘ಕಥೆಯಿಲ್ಲ’ ಎಂದು ನಾವು ದೂರುವಾಗ ಎಷ್ಟೋ ಸಲ ‘ಕೂತು ನೋಡಲು ನನಗೆ ಹೊತ್ತಿಲ್ಲ’ ಎನ್ನುವುದೂ ಅದರಲ್ಲಿ ಸೇರಿರುತ್ತದೆ.

ಆಯಿಗೆ ಅರ್ಧ ರಾತ್ರಿಯಾದರೂ ಸಿಕ್ಕುತ್ತಿತ್ತು. ಮನೆಯಲ್ಲೇ ಟೀವಿ, ಕೈಯಲ್ಲೇ ಫೋನು ಇರುವ ನಮಗೆ ಅಷ್ಟು ಹೊತ್ತನ್ನು ನಾವೇ ಕೇಳಿ ಪಡೆಯಬೇಕಾಗಿದೆ. ಒಂದು ಭಾನುವಾರ ರಾತ್ರಿಯ ಅಡುಗೆಯನ್ನು ಮನೆಯವರಿಗೆ ಬಿಟ್ಟು ‘ಒಂದಾನೊಂದು ಕಾಲದಲ್ಲಿ’ ನೋಡಿ. ನಡುವೆ ಏಳಬೇಡಿ. ಮರುದಿನ ಯಾರಾದರೂ ಕಥೆ ಕೇಳಿದರೆ ಅದನ್ನು ಬಿಟ್ಟು, ನಿಮ್ಮ ಕಣ್ಣಲ್ಲಿ ಉಳಿದದ್ದನ್ನು ಹೇಳಿ.